ಕಾಶಮ್ಮನ ಮುಚ್ಚಿದ ಗಡಿಗೆ

ಕಾಳಿನ ಪೇಟೆಯಾದ ಬೀದರದ ಗಂಜ್‌ಗೆ ಇನ್ನೂ ಬಂಡಿಗಳು ಬಂದಿಲ್ಲ. ಕೋಟೆಯ ಕಡೆಯ ಆಕಾಶ ಈಗಷ್ಟೇ ಬೆಳ್ಳಗಾಗುತ್ತಿದೆ. ಸಾಲಾಗಿ ನಿಂತ ಕಾಳಿನ ಕೋಣೆಗಳ ಬಾಗಿಲುಗಳಿಗೆ ಬೀಗ ಬಿದ್ದಿದೆ. ಹಿಂದಿನ ಓಣಿಯಿಂದ ಹೆಣ್ಣುಮಗಳೊಬ್ಬರು ಬರುತ್ತಾರೆ. ಸೊಂಟದ ಮೇಲೆ ಮಣ್ಣಿನ ಗಡಿಗೆ, ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆ, ಬಟ್ಟೆಯ ಮೇಲೆ ಸೆರಗು. ಎದುರಿಗೆ ಸಿಕ್ಕವರು ನೀರು ತರುತ್ತಿದ್ದಾರೆಂದೇ ತಿಳಿಯಬೇಕು, ಹಾಗೆ ಹಿಡಿದಿದ್ದಾರೆ. ಆ ಓಣಿಯಲ್ಲಿ ಬಾವಿಯಿಲ್ಲ. ಅದು ಗಂಜ್‌ನ ಎಲ್ಲರಿಗೂ ಗೊತ್ತು.

ಕೋಣೆಗಳ ಹಿಂದಿನ ಕೆಂಪು ಕಲ್ಲಿನ ಗೋಡೆಯ ಬಳಿ ಗಡಿಗೆ ಇಳಿಸಿ, ಅವರು ಮೊದಲು ಮಾಡುವ ಕೆಲಸ ವಿಚಿತ್ರವಾದದ್ದು. ಕೊರಳಿನ ಶಿವದಾರಕ್ಕೆ ಕೈಹಾಕಿ, ಎದೆಯ ಮೇಲಿನ ಲಿಂಗದ ಗಂಟನ್ನು ಬೆನ್ನಿನ ಕಡೆಗೆ ಸರಿಸುತ್ತಾರೆ. ಆಮೇಲೆಯೇ ಗಡಿಗೆಯ ಬಟ್ಟೆ ಬಿಚ್ಚುತ್ತಾರೆ. ಬೇಯಿಸಿದ ಮಾಂಸದ ವಾಸನೆ ಮುಂಜಾವಿನ ಗಾಳಿಯಲ್ಲಿ ಹರಡುತ್ತದೆ.

“ದೇವ್ರು ನೋಡೋದು ಬ್ಯಾಡಂತ ಬೆನ್ನಿಗಿ ಹಾಕ್ಕೋತೇನ್ರಿ,” ಎನ್ನುತ್ತಾರೆ ಕಾಶಮ್ಮ, ನೆಲ ನೋಡುತ್ತ. “ಬೆನ್ನಿಗಿ ಹಾಕಿದ್ರ ಕಾಣಂಗಿಲ್ಲಂತ ನಾ ಯಾಕ ತಿಳಕೊಂಡೀನೋ, ನನಗೂ ಗೊತ್ತಿಲ್ರಿ.”

ಬೆಕ್ಕುಗಳು ಕೂಗುವುದಿಲ್ಲ. ಹಂಚಿನ ಮೇಲಿಂದ, ಮುರಿದ ಬಂಡಿಯ ಕೆಳಗಿಂದ, ಗೋಣಿಚೀಲಗಳ ಸಂದಿನಿಂದ ಒಂದೊಂದಾಗಿ ಬಂದು ದೂರದೂರ ಕೂರುತ್ತವೆ. ಯಾವುದೂ ಯಾರ ಮನೆಯದಲ್ಲ, ಯಾವುದೂ ಮೈಮುಟ್ಟಲು ಬಿಡುವುದಿಲ್ಲ. ಇಪ್ಪತ್ತರ ಹತ್ತಿರ ಇರಬಹುದು. ಕಾಶಮ್ಮ ಮುತ್ತಲ ಎಲೆಗಳನ್ನು ನೆಲದ ಮೇಲೆ ಅಂತರ ಬಿಟ್ಟು ಹಾಸುತ್ತಾರೆ. ಒಂದೇ ಕಡೆ ಸುರಿದರೆ ಗಟ್ಟಿ ಗಂಡುಬೆಕ್ಕು ಉಂಡು, ಬಡಕಲು ಬೆಕ್ಕು ನೋಡುತ್ತ ಕೂರುತ್ತದೆ. ಮರಿ ಹಾಕಿದ ಬೆಕ್ಕಿಗೆ ಗೋಡೆಯ ಮೂಲೆಯಲ್ಲಿ ಬೇರೆ ಎಲೆ. ಸೌಟಿನಲ್ಲಿ ಬಡಿಸುವುದು ಆಡಿನ ಶ್ವಾಸಕೋಶ, ಗುಲ್ಮ, ಒಮ್ಮೊಮ್ಮೆ ಗುಂಡಿಗೆಯ ಚೂರು. ಇವನ್ನು ಬೇಯಿಸಿದ ನೀರಿನಲ್ಲೇ ಹಿಡಿಯಷ್ಟು ಜೋಳದ ನುಚ್ಚು ಕುದಿದಿರುತ್ತದೆ. ಉಪ್ಪಿಲ್ಲ, ಅರಿಶಿನವಿಲ್ಲ, ಉಳ್ಳಾಗಡ್ಡಿಯಿಲ್ಲ. ಉಂಡು ಮುಗಿಯುವವರೆಗೆ ಕುಕ್ಕರುಗಾಲಲ್ಲಿ ಕೂತಿದ್ದು, ಎಲೆಗಳನ್ನೆಲ್ಲ ಎತ್ತಿ ಗುಂಡಿಯಲ್ಲಿ ಹೂಳುತ್ತಾರೆ. ಬಿಟ್ಟ ಕೂಳು ಇಲಿಗಳನ್ನು ಕರೆಯುತ್ತದೆ, ಇಲಿಗಳನ್ನು ದೂರವಿಡಲೆಂದೇ ಈ ಬೆಕ್ಕುಗಳಿರುವುದು.

ಆಮೇಲೆ ಸ್ನಾನ. ಒದ್ದೆ ಸೀರೆಯಲ್ಲಿಯೇ ಲಿಂಗವನ್ನು ಎದೆಗೆ ತಂದುಕೊಂಡು ಪೂಜೆ. ಸೂರ್ಯ ಮೇಲೇರುವ ಹೊತ್ತಿಗೆ ಕೈಯಲ್ಲಿ ಮೊರ ಹಿಡಿದು ಕಾಳಿನ ದಲ್ಲಾಳಿ ಶಿವರಾಜಪ್ಪನವರ ಅಡತಿ ಅಂಗಡಿಯ ಮುಂದೆ ಕಾಳು ಹಸನು ಮಾಡಲು ಕೂತಿರುತ್ತಾರೆ. ಸಂಜೆಯವರೆಗೂ ಅದೇ ಕೆಲಸ. ಕೂಲಿಯ ಜೊತೆಗೆ ಮೊರದಿಂದ ಹಾರಿದ ಹೊಟ್ಟು, ಉಳಿದ ನುಚ್ಚು ಅವರ ಪಾಲು. ಬೆಕ್ಕಿನ ಊಟ ನಡೆಯುವುದು ಆ ಹೊಟ್ಟಿನಿಂದ.

ಕಾಶಮ್ಮ ಹುಟ್ಟಿದ್ದು ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿ, ಕೊಟ್ಟದ್ದು ಔರಾದಿಗೆ. ಅಲ್ಲಿ ಹೊಲವಿರಲಿಲ್ಲ. ಗಂಡ ಹಮಾಲಿ ಮಾಡಲು ಬೀದರಕ್ಕೆ ಕರೆತಂದ. ಪ್ಲೇಗಿನ ವರ್ಷ ಗಂಜ್‌ನಲ್ಲಿ ಮೊದಲು ಚೀಲಗಳ ನಡುವೆ ಇಲಿಗಳು ಸತ್ತು ಬಿದ್ದವು. ಹಮಾಲರು ಅವನ್ನು ಕಾಲಿನಿಂದ ಸರಿಸಿ ಚೀಲ ಹೊತ್ತರು. ಆಮೇಲೆ ಹಮಾಲರು ಬಿದ್ದರು. ರೋಗಕ್ಕೆ ಹೆದರಿ ಊರು ಬಿಟ್ಟು ಕೋಟೆಗೋಡೆಯಾಚೆಯ ಝೋಪಡಿಗಳಲ್ಲಿದ್ದಾಗ ಕಾಶಮ್ಮನ ಗಂಡ ತೀರಿಕೊಂಡ. ಕೈಗೂಸಾಗಿದ್ದ ಮಗಳು ನೀಲಮ್ಮನನ್ನು ಕಟ್ಟಿಕೊಂಡು ಅವರು ಗಂಜ್‌ಗೆ ಮರಳಿದಾಗ ಶಿವರಾಜಪ್ಪನವರು ಮೊರ ಕೊಟ್ಟು ಕೂರಿಸಿದರು. ಇಲಿ ಕಂಡರೆ ಎಲ್ಲರೂ ಬೆಚ್ಚುವ ಕಾಲ ಅದು. ಬೆಕ್ಕುಗಳು ಇರಲಿ, ಅವಕ್ಕೆ ಏನಾದರೂ ಹಾಕುತ್ತಿರು ಎಂದು ಹೇಳಿದವರೂ ಅವರೇ. ಹಸಿದ ಬೆಕ್ಕು ಒಂದು ಕಡೆ ನಿಲ್ಲುವುದಿಲ್ಲ, ಊರು ತಿರುಗುತ್ತದೆ. ಉಂಡ ಬೆಕ್ಕು ಉಂಡಲ್ಲೇ ಇದ್ದು ಇಲಿ ಹಿಡಿಯುತ್ತದೆ.

ಬೆಕ್ಕಿನಿಂದ ಪ್ಲೇಗು ತಡೆಯುತ್ತದೆ ಎಂದು ನಾನು ಇಲ್ಲಿ ಬರೆಯಲಾರೆ. ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ, ಬೆಕ್ಕಿಗೂ ಆ ರೋಗ ತಗಲುವುದುಂಟು. ಬೆಕ್ಕುಗಳು ನೆಲೆನಿಂತ ಮೇಲೆ ಗಂಜ್‌ನಲ್ಲಿ ಚೀಲ ಕಡಿಯುವುದು ಬಹಳ ಕಡಿಮೆಯಾಗಿದೆ ಎಂಬಷ್ಟನ್ನು ಮಾತ್ರ ಚೀಲಗಳನ್ನು ನೋಡಿ ಹೇಳಬಲ್ಲೆ.

ಏನಾದರೂ ಹಾಕು ಎಂದರೆ ಲಿಂಗವಂತರ ಮನೆಯ ಹೆಣ್ಣುಮಗಳು ಏನು ಹಾಕಬೇಕು? ಕಾಶಮ್ಮ ತಾವು ಉಣ್ಣುವುದನ್ನೇ ಹಾಕಿದರು. ಜೋಳದ ಅಂಬಲಿ, ಮಜ್ಜಿಗೆ, ರೊಟ್ಟಿಯ ಚೂರು. ಗಂಜ್‌ನ ಅಡತಿಯವರಲ್ಲಿ ಹೆಚ್ಚಿನವರು ಲಿಂಗವಂತರೇ. ಅವರಿಗೆ ಇದು ಬಹಳ ಹಿಡಿಸಿತು. ಮಾಂಸ ಮುಟ್ಟದ ಬೆಕ್ಕುಗಳೆಂದು ಊರಲ್ಲಿ ಮಾತಾಯಿತು. ಅವು ಇಲಿ ತಿನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸೋಮವಾರ ಅಡತಿಯವರ ಮನೆಯ ಹೆಂಗಸರು ಬಂದು, ಕೈಗೆ ಸಿಕ್ಕ ಮರಿಗಳ ಹಣೆಗೆ ವಿಭೂತಿ ಹಚ್ಚಿ ಹೋಗುತ್ತಿದ್ದರು. ಪರಊರಿನ ವ್ಯಾಪಾರಿ ಬಂದರೆ ಶಿವರಾಜಪ್ಪನವರು ಕಾಶಮ್ಮನನ್ನು ಮುಂದೆ ಕರೆದು ತೋರಿಸುತ್ತಿದ್ದರು. “ಬೆಕ್ಕಿಗೂ ದೀಕ್ಷಾ ಕೊಟ್ಟಾಕಿ ಇಕಿ ನೋಡ್ರಿ,” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಗಂಡ ಸತ್ತ ಮೇಲೆ ಕಾಶಮ್ಮನನ್ನು ಯಾರಾದರೂ ಕರೆದು ಮುಂದೆ ನಿಲ್ಲಿಸಿದ್ದು ಅದೇ ಮೊದಲು.

ಕೆಲವು ತಿಂಗಳ ಮೇಲೆ ಒಂದು ಬಿಳಿ ಬೆಕ್ಕು ಬಂಡಿಯ ಗಾಲಿಗೆ ನೇರವಾಗಿ ಬಂದು ಹಾಯ್ದುಕೊಂಡಿತು. ಅದರ ಕಣ್ಣಪಾಪೆಗಳು ಹಾಡುಹಗಲಲ್ಲಿಯೂ ಅಗಲವಾಗಿ ತೆರೆದಿದ್ದವು, ಕಣ್ಣು ಕಾಣುತ್ತಿರಲಿಲ್ಲ. ಆಮೇಲೆ ಇನ್ನೊಂದು, ಮತ್ತೊಂದು. ಹಾಕಿದ ಮರಿಗಳು ಉಳಿಯಲಿಲ್ಲ. ಕಸಾಯಿ ಗಲ್ಲಿಗೆ ಹೋಗಿ ಕದ್ದು ತಿನ್ನುತ್ತಿದ್ದ ಬೆಕ್ಕುಗಳಿಗೆ, ದಂಡಿಯಾಗಿ ಇಲಿ ಹಿಡಿಯುತ್ತಿದ್ದ ಬೆಕ್ಕುಗಳಿಗೆ ಏನೂ ಆಗಲಿಲ್ಲ. ಕಾಶಮ್ಮನ ಎಲೆಯನ್ನೇ ನಂಬಿ ಕೂತ ಮರಿಗಳು, ಮುದಿ ಬೆಕ್ಕುಗಳು, ಬಸುರಿ ಬೆಕ್ಕುಗಳು ಕೆಟ್ಟವು. ಆಹಾರದಲ್ಲಿ ತೀರಾ ಅಲ್ಪ ಪ್ರಮಾಣದಲ್ಲಿ ಬೇಕಾಗುವ ಕೆಲವು ಸತ್ವಗಳಿವೆ, ಅವಿಲ್ಲದಿದ್ದರೆ ಹೊಟ್ಟೆ ತುಂಬ ಉಂಡರೂ ಮೈ ಕೆಡುತ್ತದೆ ಎಂದು ಈಚಿನ ವರ್ಷಗಳ ಸಂಶೋಧನೆ ಹೇಳುತ್ತದೆ. ಬೆಕ್ಕಿನ ಕಣ್ಣಿಗೆ ಬೇಕಾದ ಸತ್ವ ಯಾವುದೆಂದು ನನಗೆ ಗೊತ್ತಿಲ್ಲ. ಅಂಬಲಿಯಲ್ಲಿ ಅದು ಇಲ್ಲವೆಂಬುದಂತೂ ಗಂಜ್‌ನಲ್ಲಿ ಕಣ್ಣಿಗೆ ಕಂಡದ್ದು.

ವಿಷಯ ಬಾಯಿಬಿಟ್ಟು ಹೇಳಿದವರು ರಹೀಮುನ್ನಿಸಾ. ಹಿಂದಿನ ಓಣಿಯ ಅರ್ಧ ಬಿದ್ದ ಗೋಡೆಯಾಚೆ ಕಸಾಯಿ ಗಲ್ಲಿಯಲ್ಲಿ ಅವರ ಮನೆ. ಗಂಡ ಗೌಸೋದ್ದೀನ ಆಡು ಕಡಿದು ಮಾರುತ್ತಾರೆ. ಹಿತ್ತಲಿನ ಆಡುಗಳಿಗೆ ಹೊಟ್ಟು ಕೇಳಲು ಬಂದವರು ಗಾಲಿಯ ಬಳಿ ಕೂತ ಬಿಳಿ ಬೆಕ್ಕನ್ನು ನೋಡಿದರು, ಹಣೆಯ ವಿಭೂತಿ ನೋಡಿದರು, ಎಲೆಯ ಮೇಲಿನ ಅಂಬಲಿ ನೋಡಿದರು.

“ಅಕ್ಕಾ, ಬೆಕ್ಕಿಗಿ ಪೂಜಾನೂ ಬ್ಯಾಡ, ನಮಾಜೂ ಬ್ಯಾಡ,” ಎಂದರಂತೆ. “ಫೆಫಡಾ ಹಾಕು.”

ಶ್ವಾಸಕೋಶಕ್ಕೆ ಆ ಗಲ್ಲಿಯ ಮಾತು ಫೆಫಡಾ. ಅದನ್ನು ಹಣ ಕೊಟ್ಟು ಕೊಳ್ಳುವವರು ಕಡಿಮೆ, ಗುಲ್ಮವನ್ನಂತೂ ನಾಯಿಗೆ ಎಸೆಯುತ್ತಾರೆ. ಕಾಶಮ್ಮನ ಬಳಿ ಹಣವಿಲ್ಲ, ಹೊಟ್ಟಿದೆ. ಹಾಗಾಗಿ ಕೊಡುಕೊಳ್ಳುವುದು ಸರಳವಾಯಿತು. ಸಂಜೆ ಕಾಶಮ್ಮ ಆ ಬಿದ್ದ ಗೋಡೆಯ ಮೇಲಿಂದ ಹೊಟ್ಟು, ನುಚ್ಚು ಕೊಡುತ್ತಾರೆ. ಬೆಳಗಾಗುವ ಮೊದಲು ರಹೀಮುನ್ನಿಸಾ ತಮ್ಮ ಒಲೆಯಲ್ಲೇ ಬೇಯಿಸಿ, ಗಡಿಗೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಅದೇ ಗೋಡೆಯ ಮೇಲೆ ಇಡುತ್ತಾರೆ. ಮೊದಲ ದಿನ ಕಾಶಮ್ಮ ವಾಂತಿ ಮಾಡಿಕೊಂಡರು. ವಾಸನೆಗೆ ಈಗ ಒಗ್ಗಿದ್ದಾರೆ, ಇನ್ನೊಂದಕ್ಕೆ ಒಗ್ಗಿಲ್ಲ.

“ನಾ ಕೊಟ್ಟ ಹೊಟ್ಟ ತಿಂದ ಆಡಿಂದೇ ನಾ ಹೊತ್ಕೊಂಡ ಬರ್ತೇನ್ರಿ,” ಎನ್ನುತ್ತಾರೆ. “ಅದಕ್ಕ ಹೊಟ್ಟ ಕೊಡೋವಾಗ ಆಡಿನ ಮಾರಿ ನೋಡಂಗಿಲ್ಲ. ರಹೀಮಾ ನಗ್ತಾಳ. ನಗ್ಲಿ.”

ಕುರುಡಾದ ಬೆಕ್ಕುಗಳ ಕಣ್ಣು ಮರಳಲಿಲ್ಲ. ಹೊಸ ಮರಿಗಳು ಮಾತ್ರ ನೆಟ್ಟಗೆ ಬೆಳೆದವು. ಇದನ್ನೆಲ್ಲ ಶಿವರಾಜಪ್ಪನವರಿಗೆ ತಿಳಿಸಲು ಕಾಶಮ್ಮ ಒಮ್ಮೆ ಬಾಯಿ ತೆರೆದದ್ದುಂಟು. ಅವರು ಕೈ ಎತ್ತಿ ನಿಲ್ಲಿಸಿದರು. “ನನಗ ಹೇಳಬ್ಯಾಡವ್ವಾ. ಬೆಕ್ಕ ಛಲೋ ಅವ, ಅಷ್ಟ ಸಾಕು.” ಆ ದಿನದಿಂದ ಗಡಿಗೆ ಹಿಂದಿನ ಓಣಿಯಿಂದ ಬರತೊಡಗಿತು. ಗಂಜ್‌ನಲ್ಲಿ ಅಡತಿಯವರನ್ನು ಒಬ್ಬೊಬ್ಬರಾಗಿ ಕೇಳಿ ನೋಡಿದೆ. ಬೆಕ್ಕುಗಳು ಏನು ತಿನ್ನುತ್ತವೆ? ಅಂಬಲಿ, ಎಂದರು ಎಲ್ಲರೂ. ಹೇಳುವಾಗ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು.

ಮಗಳು ನೀಲಮ್ಮನನ್ನು ಭಾಲ್ಕಿಗೆ ಕೊಟ್ಟಿದೆ. ಈ ವರ್ಷ ಅವಳು ಬಸುರಿಯಾಗಿ ಕುಬಸವಾಯಿತು. ಮೊದಲ ಹೆರಿಗೆ ತೌರಿನಲ್ಲೇ ಆಗಬೇಕು. ಕಾಶಮ್ಮ ತಮ್ಮ ಒಂದಂಕಣದ ಮನೆಗೆ ಸುಣ್ಣ ಬಳಿದರು. ಹಳೆಯ ಸೀರೆಗಳನ್ನು ಒಗೆದು ಕೂಸಿನ ಬಟ್ಟೆಗೆಂದು ಮಡಿಚಿಟ್ಟರು. ಬಾಣಂತಿಗೆಂದು ಅಂಟಿನ ಉಂಡಿಗೆ ಬೆಲ್ಲ, ಒಣಕೊಬ್ಬರಿ ಕೂಡಿಸಿದರು. ಆಗ ಭಾಲ್ಕಿಯಿಂದ ಮಾತು ಬಂತು, ಹುಡುಗಿಯನ್ನು ಕಳಿಸುವುದಿಲ್ಲ ಎಂದು. ಗಂಜ್‌ಗೆ ಕಾಳು ತಂದ ಬಂಡಿಯವನೊಬ್ಬ ಗಡಿಗೆಯಲ್ಲಿರುವುದೇನೆಂದು ಅಲ್ಲಿ ಹೇಳಿದ್ದ. ಹುಟ್ಟಿದ ಕೂಸಿಗೆ ಲಿಂಗ ಕಟ್ಟಬೇಕು. ಮಾಂಸ ಹೊರುವವಳ ಮನೆಗೆ ಯಾವ ಜಂಗಮರು ಬಂದಾರು ಎಂದು ಬೀಗತಿ ಶಾಂತಾಬಾಯಿ ಕೇಳಿ ಕಳಿಸಿದ್ದರು.

ಕಾಶಮ್ಮ ಅಂದೇ ಗಡಿಗೆ ಬಿಟ್ಟರು. ರಹೀಮುನ್ನಿಸಾ ತಾವೇ ಹಾಕಿ ಬರುತ್ತೇನೆಂದು ಹೊರಟರು. ಅವರನ್ನು ಗಂಜ್‌ನ ಕಾವಲುಗಾರ ಅಮೀರ ಪಾಶಾ ಬಾಗಿಲಲ್ಲೇ ತಡೆದರು. ಕಾಳಿನ ಅಂಗಳಕ್ಕೆ ಮಾಂಸ ತರಬಾರದೆಂಬುದು ಅಡತಿಯವರ ಕಟ್ಟಪ್ಪಣೆ. ಅದೇ ಗಡಿಗೆ, ಅದೇ ಕೂಳು, ಹೊತ್ತ ಸೊಂಟ ಮಾತ್ರ ಬೇರೆ. ತಡೆದವರಿಗೂ ಅದು ಗೊತ್ತಿತ್ತು, ಮರಳಿದವರಿಗೂ ಗೊತ್ತಿತ್ತು. “ಮಾಫ್ ಕರೋ ಬಹನ್,” ಎಂದಷ್ಟೇ ಹೇಳಿ ಕಳಿಸಿದೆ ಎನ್ನುತ್ತಾರೆ ಅಮೀರ ಪಾಶಾ, ಮೀಸೆ ತಿಕ್ಕುತ್ತ.

ಬೆಕ್ಕುಗಳು ಕೆಲವು ದಿನ ಗೋಡೆಯ ಬಳಿ ಬಂದು ಕೂತು ನೋಡಿದವು. ಆಮೇಲೆ ಬರುವುದು ಕಡಿಮೆಯಾಯಿತು. ಮೂಲೆಯ ಬೆಕ್ಕಿಗೆ ಹಾಲು ಬತ್ತಿ ಎರಡು ಮರಿ ಸತ್ತವು. ಚೀಲದ ಮೂಲೆಗಳಲ್ಲಿ ಮತ್ತೆ ತೂತು ಕಂಡಿತು. ಶಿವರಾಜಪ್ಪನವರು ತೂತಿಗೆ ಬೆರಳು ಹಾಕಿ ನೋಡಿ, ಕಾಶಮ್ಮನ ಕಡೆ ತಿರುಗಿದರಂತೆ. ಏನೂ ಕೇಳಲಿಲ್ಲ.

ಕಾಶಮ್ಮನೇ ಕೇಳಿದರು. ಗಂಜ್‌ನವರ ಸಲುವಾಗಿ, ಗಂಜ್‌ನವರಿಗೆ ಗೊತ್ತಿದ್ದೇ ಈ ಕೆಲಸ ನಡೆದಿದೆ ಎಂದು ಭಾಲ್ಕಿಗೆ ಒಂದು ಮಾತು ಹೇಳಿ ಕಳಿಸಿರಿ ಎಂದರು. ಶಿವರಾಜಪ್ಪನವರ ಮಾತಿಗೆ ಭಾಲ್ಕಿಯಲ್ಲೂ ತೂಕವಿದೆ. ಅಮಾಸೆ ಹೋಗಲಿ ಎಂದರು. ಅಮಾಸೆ ಹೋಯಿತು. ಔರಾದಿಗೆ ತೊಗರಿ ಖರೀದಿಗೆ ಹೋಗಿ ಬರುತ್ತೇನೆ ಎಂದರು, ಹೋಗಿ ಬಂದರು. ನೀಲಮ್ಮನಿಗೆ ದಿನಗಳು ತುಂಬುತ್ತ ಬಂದವು. ಅಡತಿ ಅಂಗಡಿಯ ಗಾದಿಯ ಮೇಲೆ ಕೂತಿದ್ದ ಅವರನ್ನು ನಾನು ಈ ಬಗ್ಗೆ ಕೇಳಿದಾಗ, ಲೋಡಿಗೆ ಒರಗಿದ್ದವರು ನೆಟ್ಟಗೆ ಕೂತರು. “ನಾ ಹೇಳಿದ್ರ, ನಿನಗೂ ಗೊತ್ತಿತ್ತೇನಂತ ನಮ್ಮ ಮನ್ಯಾಗೂ ಕೇಳ್ತಾರಲ್ರಿ,” ಎಂದರು. ತಕ್ಕಡಿಯ ಸರಪಳಿ ಸರಿಮಾಡಿದರು. ಆಮೇಲೆ, ಹೇಳಬೇಕಾಗಿತ್ತು, ಎಂದು ತಾವಾಗಿಯೇ ಸೇರಿಸಿದರು.

ಕಡೆಗೆ ಕಾಶಮ್ಮ ಮರಳಿ ಹೋಗುತ್ತಿದ್ದ ಖಾಲಿ ಬಂಡಿ ಹತ್ತಿ ತಾವೇ ಭಾಲ್ಕಿಗೆ ಹೋದರು. ಅಲ್ಲಿ ನಡೆದದ್ದನ್ನು ಕಾಶಮ್ಮ ಹೇಳಿದ್ದಾರೆ. ಭಾಲ್ಕಿಗೆ ಹೋಗಿ ಶಾಂತಾಬಾಯಿಯವರನ್ನೂ ಕೇಳಿದ್ದೇನೆ. ಇಬ್ಬರ ಮಾತೂ ಒಂದೇ.

ಶಾಂತಾಬಾಯಿ ಕಟುಕ ಮನಸ್ಸಿನವರಲ್ಲ. ಮದುವೆಯ ವಯಸ್ಸಿಗೆ ಬಂದ ಇಬ್ಬರು ಹೆಣ್ಣುಮಕ್ಕಳು ಮನೆಯಲ್ಲಿದ್ದಾರೆ, ಊರಿನ ಬಾಯಿಗೆ ಹೆದರುತ್ತಾರೆ. ಬೀಗತಿಯನ್ನು ಕಟ್ಟೆಯ ಮೇಲೆ ಕೂರಿಸಿ ಹಿತ್ತಾಳೆಯ ತಂಬಿಗೆಯಲ್ಲಿ ನೀರು ಕೊಟ್ಟರು. ನೆರೆಯ ಹೆಂಗಸರು ಬಂದು ಕೂತರು. ಶಾಂತಾಬಾಯಿ ಹತ್ತಿರ ಸರಿದು, ಎಲ್ಲರಿಗೂ ಕೇಳುವಂತೆಯೇ ಒಂದು ದಾರಿ ತೋರಿಸಿದರು.

“ಕಾಶಮ್ಮಾರ, ನಾ ಏನೂ ಕಣ್ಣಾರೆ ನೋಡಿಲ್ಲ. ಮಂದಿ ಹೇಳ್ಯಾರ. ಬೆಕ್ಕಿಗಿ ಅಂಬಲೀನೇ ಹಾಕ್ತೇನಿ ಅಂತ ಇವರ ಮುಂದ ಒಂದ್ ಮಾತ ಹೇಳಿಬಿಡ್ರಿ. ನಾಳಿ ಬಂಡಿ ಕಟ್ಟಿಸಿ ನೀಲಮ್ಮಗ ನಿಮ್ಮ ಸಂಗಟ ಕಳಸ್ತೇನಿ.”

ಬಾಗಿಲ ಹಿಂದೆ ನೀಲಮ್ಮ ನಿಂತಿದ್ದಳು. ಒಂದು ಕೈ ಚೌಕಟ್ಟಿನ ಮೇಲಿತ್ತು, ಒಂದು ಕೈ ಹೊಟ್ಟೆಯ ಮೇಲೆ. ಹೇಳಿಬಿಡಬೇಕೆಂದೇ ಬಾಯಿ ತೆರೆದೆ ಎನ್ನುತ್ತಾರೆ ಕಾಶಮ್ಮ. ದಾರಿಯುದ್ದಕ್ಕೂ ಅಂಥದೇ ಒಂದು ಸುಳ್ಳನ್ನು ಅವರೇ ಹುಡುಕುತ್ತ ಬಂದಿದ್ದರು. ಬಾಯಿಂದ ಬಂದದ್ದು ಬೇರೆ.

“ಹಂಗ ಹೇಳ್ಕೋತ ಬಂದಿದ್ದಕ್ಕೇ ಅವುಗಳ ಕಣ್ಣ ಹೋದವ್ರಿ.”

ಆಮೇಲೆ ಎಲ್ಲವನ್ನೂ ಹೇಳಿದರು. ಬಿಳಿ ಬೆಕ್ಕು, ವಿಭೂತಿ, ಗೋಡೆಯ ಮೇಲಿನ ಗಡಿಗೆ, ಬೆನ್ನಿಗೆ ಸರಿಸಿದ ಲಿಂಗ. ಹೇಳುವಾಗ ಸೆರಗು ಬಾಯಿಗೆ ಒತ್ತಿಕೊಂಡಿದ್ದರು, ಆದರೂ ಎಲ್ಲರಿಗೂ ಕೇಳಿಸಿತು. ನೆರೆಯವರಲ್ಲಿ ಒಬ್ಬ ಮುದುಕಿ ಸೀರೆ ಕೊಡವಿಕೊಂಡು ಎದ್ದು ಹೋದಳು. ಮಿಕ್ಕವರು ಕೂತೇ ಇದ್ದರು. ಶಾಂತಾಬಾಯಿಯ ಮುಖ ಕೆಂಪೇರಿತು. ಇನ್ನು ಕಳಿಸಲು ತಮ್ಮ ಕೈಯಲ್ಲಿ ಏನೂ ಉಳಿಯಲಿಲ್ಲ ಎಂದರು. ಆಗ ಬಾಗಿಲ ಹಿಂದಿನಿಂದ ನೀಲಮ್ಮ ಹೇಳಿದ್ದು ಇಷ್ಟೇ: “ಅವ್ವಾ, ಉಂಡ ಹೋಗು.”

ಕಟ್ಟೆಯ ಮೇಲೆಯೇ, ಒಬ್ಬರೇ ಕೂತು ಕಾಶಮ್ಮ ರೊಟ್ಟಿ ಉಂಡರು. ಮಗಳು ಬಡಿಸಿದ್ದೆಂದು ಚೂರೂ ಬಿಡಲಿಲ್ಲ. ತಾಟು ತಾವೇ ತೊಳೆದಿಟ್ಟು ಬಂಡಿ ಹತ್ತಿದರು.

“ನಾ ಅವ್ರಿಗಿ ಸುಳ್ಳ ಹೇಳ್ರಿ ಅಂದೆ ನೋಡ್ರಿ,” ಎಂದರು ಶಾಂತಾಬಾಯಿ ನನಗೆ, ಅದೇ ಕಟ್ಟೆಯ ಮೇಲೆ ಕೂತು. “ಹೇಳಿದ್ರ ನಾನೂ ನಂಬತಿದ್ದೆ. ಎಲ್ಲಾರೂ ನಂಬತಿದ್ದಿವಿ.” ಅವರ ಕೈ ಸುಮ್ಮನೆ ಕಟ್ಟೆಯ ಧೂಳು ಒರೆಸುತ್ತಿತ್ತು.

ಭಾಲ್ಕಿಯಲ್ಲಿ ಮಾತು ಹೊರಬಿದ್ದ ಮೇಲೆ ಗಂಜ್‌ನಲ್ಲಿ ಬಚ್ಚಿಡುವುದೇನೂ ಉಳಿಯಲಿಲ್ಲ, ಕೇಳಿದವರಿಗೆ ಅಂಬಲಿ ಎನ್ನುವುದೊಂದು ಬಿಟ್ಟು. ಕೆಲವು ಅಡತಿಯವರಿಗೆ ಸಿಟ್ಟು ಬಂತು. ಎಲ್ಲರಿಗೂ ಗೊತ್ತಿದ್ದನ್ನು ಇವಳು ಬಾಯಿಬಿಟ್ಟಳೆಂದು. ಆದರೆ ಬೇಡವೆಂದು ಹೇಳಲು ಯಾರೂ ಮುಂದೆ ಬರಲಿಲ್ಲ, ಸುಗ್ಗಿಯ ಜೋಳ ಬರುವ ಸಮಯ. ಕಾಶಮ್ಮ ಮರುದಿನವೇ ಗೋಡೆಯ ಮೇಲಿನ ಗಡಿಗೆ ಎತ್ತಿಕೊಂಡರು, ಮೇಲಿನ ಬಟ್ಟೆ, ಸೆರಗು ಮಾತ್ರ ಬಿಡಲಿಲ್ಲ. ಈಗ ಮುಂಜಾನೆ ಅವರು ಎದುರಾದರೆ ಶಿವರಾಜಪ್ಪನವರು ಇನ್ನೊಂದು ಓಣಿಯಿಂದ ಸುತ್ತಿಕೊಂಡು ಅಂಗಡಿಗೆ ಬರುತ್ತಾರೆ. ಹೋದ ಬೆಕ್ಕುಗಳಲ್ಲಿ ಹೆಚ್ಚಿನವು ಮರಳಿವೆ.

ನೀಲಮ್ಮನಿಗೆ ಹೆಣ್ಣು ಕೂಸಾಗಿದೆ. ಸುದ್ದಿ ತಂದವನು ತೊಗರಿಯ ಬಂಡಿಯವನು. ಆತನ ಕೈಯಲ್ಲೇ ಕಾಶಮ್ಮ ಅಂಟಿನ ಉಂಡಿ ಕಟ್ಟಿ ಕಳಿಸಿದರು. ಅವು ಮರಳಿ ಬರಲಿಲ್ಲ. ಬಾಣಂತಿ ತಿನ್ನುತ್ತಿದ್ದಾಳೆ ಎಂದು ಭಾಲ್ಕಿಯಲ್ಲಿ ನಾನೂ ಕೇಳಿಕೊಂಡು ಬಂದು ಹೇಳಿದಾಗ, ಕಾಶಮ್ಮ ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. ಕೂಸನ್ನು ಅವರು ಇನ್ನೂ ನೋಡಿಲ್ಲ.

ಈ ಬರಹ ಭಾಲ್ಕಿಗೂ ಹೋಗುತ್ತದೆ, ಗಂಜ್‌ಗೂ ಬರುತ್ತದೆ. ಹೆಸರು ಬದಲಿಸಿ ಬರೆಯಬಹುದೆಂದು ಅವರಿಗೆ ಹೇಳಿದೆ. ಅವರು ಕಾಳು ಕೇರುತ್ತಲೇ ಯೋಚಿಸಿದರು. ಕಲ್ಲು ಒಂದು ಕಡೆ, ಕಾಳು ಒಂದು ಕಡೆ ಆದ ಮೇಲೆ ಹೇಳಿದರು.

“ನಂದೇ ಹೆಸರ ಹಾಕ್ರಿ. ನಾಚಿಕಿ ಹೋಗಿಲ್ರಿ, ದಿನಾ ಬೆಳಿಗ್ಗಿ ಅದ. ಆದ್ರ ಮೊಮ್ಮಗಳು ದೊಡ್ಡಾಕಿ ಆದ ಮ್ಯಾಲ, ನಿಮ್ಮಾಯಿ ಏನ್ ಮಾಡ್ತಿದ್ಳು ಅಂತ ಯಾರರ ಕೇಳಿದ್ರ, ಅಕಿ ಧ್ವನಿ ಸಣ್ಣದ ಮಾಡಬಾರದ್ರಿ.”